ಪ್ರಾರ್ಥನೆಯ ಮಗ್ಗುಲಲ್ಲೊಂದು ಪುಟ: ಕನ್ನಡದ ಕ್ರೈಸ್ತ ಬರಹಗಾರರಿಗೆ ದಿನನಿತ್ಯ ಬರೆಯುವ ಮಾರ್ಗದರ್ಶಿ

ನಮ್ಮ ಚರ್ಚುಗಳಲ್ಲಿ ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹೆಚ್ಚಿನವರು ಬರೆಯುವುದು ಯಾರಾದರೂ ಕೇಳಿದಾಗ ಮಾತ್ರ. ಚರ್ಚಿಗೆ ನೂರು ವರ್ಷ ತುಂಬಿ ಸ್ಮರಣ ಸಂಚಿಕೆ ಹೊರಟರೆ ಒಂದು ಲೇಖನ ಕೊಡುತ್ತಾರೆ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಕಿರುನಾಟಕ ಬೇಕೆಂದರೆ ಎರಡು ರಾತ್ರಿ ನಿದ್ದೆಗೆಟ್ಟು ಬರೆಯುತ್ತಾರೆ. ಹಿರಿಯರೊಬ್ಬರು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಓದಲು ನಾಲ್ಕು ಮಾತು ಬರೆದುಕೊಡುತ್ತಾರೆ, ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಮತ್ತೆ ಯಾರಾದರೂ ಕೇಳುವವರೆಗೆ ಪೆನ್ನು ಮುಟ್ಟುವುದಿಲ್ಲ. ಶಾಲೆಯಲ್ಲಿ ಕಲಿಸುವವರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಸಂಡೇ ಸ್ಕೂಲ್ ನಡೆಸುವವರು, ಕಾನ್ವೆಂಟಿನ ಸಿಸ್ಟರುಗಳು, ಸಭಾಪಾಲಕರು, ಮನೆ ನೋಡಿಕೊಳ್ಳುವ ತಾಯಂದಿರು, ಇವರೆಲ್ಲ ವರ್ಷವಿಡೀ ಬರೆಯುವಂತಾಗಬೇಕು ಎಂಬ ಆಸೆಯಿಂದ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ಬರೆಯುವ ಕೆಲಸಕ್ಕೆ ನಮ್ಮಲ್ಲಿ ಹಳೆಯ ಬೇರುಗಳಿವೆ. ಮಂಗಳೂರಿನಲ್ಲಿ 1841ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಎರಡು ವರ್ಷದ ಮೇಲೆ, 1843ರ ಜುಲೈ 1ರಂದು, ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ಹೊರತಂದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಹಸ್ತಪ್ರತಿಗಳನ್ನು ಓದುತ್ತಾ, ಜನರ ಬಾಯಿಂದ ಮಾತು ಕೇಳುತ್ತಾ ಪದ ಕೂಡಿಸಿದರು. ಸುಮಾರು 70,000 ಪದಗಳ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ದೊಡ್ಡ ಕೆಲಸ ಒಂದು ಆವೇಶದಲ್ಲಿ ಆಗುವಂಥದ್ದಲ್ಲ. ಇವತ್ತು ಕೆಲವು ಪದ, ನಾಳೆ ಕೆಲವು ಪದ ಎಂದು ದಿನಗಟ್ಟಲೆ ಕೂತವರಿಗೆ ಮಾತ್ರ ಅದು ಸಾಧ್ಯ. ನಮ್ಮ ಕಾಲಕ್ಕೆ ಬಂದರೆ, ಸಾಗರದ ನಾ. ಡಿಸೋಜ (1937–2025) ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತಲೇ ಶರಾವತಿ ಯೋಜನೆಯಲ್ಲಿ ಊರು ಕಳೆದುಕೊಂಡವರ ಬದುಕನ್ನು ಕಾದಂಬರಿಗಳಾಗಿಸಿದರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ನೌಕರಿ ಅವರ ಬರವಣಿಗೆಗೆ ಅಡ್ಡ ಬರಲಿಲ್ಲ, ಕಥೆಯ ಜನರನ್ನೇ ಅವರ ಕಣ್ಣೆದುರು ತಂದು ನಿಲ್ಲಿಸಿತು.

ಹೆಜ್ಜೆ 1: ಮೂರು ತಿಂಗಳಿಗೆ ಒಂದೇ ಪ್ರಕಾರ ಹಿಡಿಯಿರಿ

ಧ್ಯಾನ ಲೇಖನ, ಸಣ್ಣಕಥೆ, ಹಾಡು, ನಿಮ್ಮ ಚರ್ಚಿನ ಚರಿತ್ರೆ, ಮಕ್ಕಳ ನಾಟಕ, ದಿನಪತ್ರಿಕೆಗೆ ಅಂಕಣ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಶುರುಮಾಡಿದವರು ಒಂದನ್ನೂ ಮುಗಿಸದಿರುವುದನ್ನು ಬಹಳ ಸಲ ಕಂಡಿದ್ದೇನೆ. ಯಾವುದನ್ನು ಆರಿಸಬೇಕೆಂದು ತೋಚದಿದ್ದರೆ, ಯಾವ ಬಗೆಯ ಬರಹವನ್ನು ನೀವು ಯಾರೂ ಹೇಳದೆ ಓದುತ್ತೀರೋ ಅದರಿಂದ ಶುರುಮಾಡಿ.

ಹೆಜ್ಜೆ 2: ಹೊತ್ತು ಗೊತ್ತುಮಾಡಿ, ಪ್ರಾರ್ಥನೆಯನ್ನೂ ಬರಹವನ್ನೂ ಬೇರೆಬೇರೆ ಇಡಿ

“ದೇವರು ಬರೆಸಿದರೆ ಬರೆಯುತ್ತೇನೆ” ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ವಿನಯವಿದೆ, ನಿಜವಾದ ನಂಬಿಕೆಯೂ ಇದೆ. ಆದರೆ ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ಒಮ್ಮೆ ಬರಹಗಾರರ ಕಣ್ಣಿನಿಂದ ಓದಿ. ಪ್ರವಾದಿಗೆ ವಾಕ್ಯ ಬಂತು, ಸರಿ. ಅದು ಸುರುಳಿಗೆ ಇಳಿಯಬೇಕಾದರೆ ಅವನ ಲಿಪಿಕಾರ ಬಾರೂಕನು ಕೂತು, ಹೇಳಿದ್ದನ್ನು ಕೇಳಿಸಿಕೊಂಡು, ಮಸಿಯಿಂದ ಬರೆಯಬೇಕಾಯಿತು. ಅಧಿಕಾರಿಗಳು “ಇದನ್ನೆಲ್ಲ ಹೇಗೆ ಬರೆದೆ?” ಎಂದು ಕೇಳಿದಾಗ ಅವನು ಕೊಟ್ಟ ಉತ್ತರವೂ ಅಷ್ಟೇ ಸರಳ: ಆತ ಹೇಳುತ್ತಾ ಹೋದ, ನಾನು ಮಸಿಯಿಂದ ಬರೆಯುತ್ತಾ ಹೋದೆ. ಕೂರುವ ಕೆಲಸ ನಮ್ಮ ಪಾಲಿನದು.

ಹಾಗಾದರೆ ಯಾವಾಗ ಕೂರುವುದು? ದಿನದಲ್ಲಿ ಈಗಾಗಲೇ ತಪ್ಪದೆ ನಡೆಯುವ ಒಂದು ಸಂಗತಿಗೆ ಬರಹವನ್ನು ಜೋಡಿಸಿ. ಬೆಳಗಿನ ಪ್ರಾರ್ಥನೆ ತಪ್ಪಿಸದವರು ಆಮೆನ್ ಅಂದ ಮೇಲೆ ಎದ್ದು ಹೋಗದೆ ಅರ್ಧ ಗಂಟೆ ಬರೆಯಲಿ. ರಾತ್ರಿ ಮನೆಯವರೆಲ್ಲ ಸೇರಿ ಜಪಸರ ಹೇಳುವ ರೂಢಿಯಿದ್ದರೆ, ಅದು ಮುಗಿದು ಊಟಕ್ಕೆ ಏಳುವ ಮುಂಚಿನ ಹೊತ್ತು ಒಳ್ಳೆಯದು. ಪಾಳಿಯ ಮೇಲೆ ದುಡಿಯುವ ನರ್ಸುಗಳಿಗೆ ಗಡಿಯಾರದ ಲೆಕ್ಕ ಉಪಯೋಗಕ್ಕೆ ಬಾರದು. ಅವರು “ಡ್ಯೂಟಿ ಮುಗಿಸಿ ಬಂದು, ಕಾಫಿ ಕುಡಿದ ಮೇಲೆ” ಎಂದು ಗೊತ್ತುಮಾಡಿಕೊಂಡರೆ ಯಾವ ಪಾಳಿ ಬಂದರೂ ನಡೆಯುತ್ತದೆ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಮನೆ ಹತ್ತು ನಿಮಿಷ ಮೌನವಾಗುತ್ತದಲ್ಲ, ಪಾತ್ರೆ ತೊಳೆಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ ಆ ಹೊತ್ತನ್ನು ಹಿಡಿಯಿರಿ. ಸಭಾಪಾಲಕರಿಗೆ ಬೇರೆ ತೊಡಕಿದೆ. ವಾರದ ಪ್ರಸಂಗದ ತಯಾರಿಯೇ ಅವರ ಬರಹವನ್ನೆಲ್ಲ ನುಂಗಿಬಿಡುತ್ತದೆ. ಭಾನುವಾರ ದಣಿದಿರುತ್ತಾರೆ, ಶನಿವಾರ ಆತಂಕ. ಅವರಿಗೆ ಮಂಗಳವಾರ ಅಥವಾ ಬುಧವಾರದ ಬೆಳಗು ಸರಿಹೋಗುತ್ತದೆ, ಪ್ರಸಂಗಕ್ಕೆ ಸಂಬಂಧವೇ ಇಲ್ಲದ ವಿಷಯದ ಮೇಲೆ.

ಈ ಹೆಜ್ಜೆಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೊಂದಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ವಿಷಯ ಹುಡುಕಬೇಡಿ. ವಾಕ್ಯ ಓದುವಾಗಲೇ “ಇದರ ಮೇಲೆ ಒಂದು ಲೇಖನ ಆಗುತ್ತದೆ” ಎಂದು ಮನಸ್ಸು ಲೆಕ್ಕಹಾಕಲು ಶುರುಮಾಡಿದರೆ, ಆ ವಾಕ್ಯ ನಮ್ಮನ್ನು ಮುಟ್ಟುವುದು ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಪ್ರಾರ್ಥನೆಯೂ ಒಣಗುತ್ತದೆ, ಬರಹವೂ ಒಣಗುತ್ತದೆ. ಎರಡು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ದೇವರ ಮುಂದೆ ನೀವು ಹೇಳಿಕೊಂಡದ್ದಕ್ಕೆ, ಅದನ್ನು ಯಾರೂ ಓದಬಾರದು, ಅದರಿಂದ ಒಂದು ಸಾಲೂ ಅಚ್ಚಿಗೆ ಹೋಗಬಾರದು. ಇನ್ನೊಂದು ಬರಹಕ್ಕೆ. ಬರೆಯುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೊಬೈಲಿನಲ್ಲೇ ಬರೆಯುವವರು ಇಂಟರ್‌ನೆಟ್ ಆಫ್ ಮಾಡಿ ಕೂತುಕೊಳ್ಳಲಿ.

ಅರ್ಧ ಗಂಟೆಯಲ್ಲಿ ಎಷ್ಟು ಬರೆಯಬೇಕು? ಒಂದು ಪುಟವಾದರೆ ಸಂತೋಷ, ಐದು ಸಾಲಾದರೆ ಐದು ಸಾಲು. ವಾರಕ್ಕೆ ಆರು ದಿನ ಸಾಕು. ಏಳನೆಯ ದಿನದ ವಿಶ್ರಾಂತಿಯನ್ನು ಕೊಟ್ಟವನೇ ದೇವರು, ಅದನ್ನು ಬರಹಕ್ಕೂ ಕೊಡಿ.

ಹೆಜ್ಜೆ 3: ಚರ್ಚಿನ ವರ್ಷವನ್ನೇ ಬರವಣಿಗೆಯ ಪಂಚಾಂಗ ಮಾಡಿಕೊಳ್ಳಿ

ಬೇರೆ ಬರಹಗಾರರಿಗೆ ಸುಲಭಕ್ಕೆ ಸಿಗದ ಒಂದು ಸೌಲಭ್ಯ ನಮಗಿದೆ. ಆಗಮನ ಕಾಲದ ನಾಲ್ಕು ಭಾನುವಾರ, ಕ್ರಿಸ್ಮಸ್, ಬೂದಿ ಬುಧವಾರ, ತಪಸ್ಸು ಕಾಲದ ನಲವತ್ತು ದಿನ, ಗರಿಗಳ ಭಾನುವಾರ, ಶುಭ ಶುಕ್ರವಾರ, ಪುನರುತ್ಥಾನದ ಹಬ್ಬ, ಪೆಂತೆಕೋಸ್ತ. ಇಡೀ ವರ್ಷಕ್ಕೆ ಇಲ್ಲೊಂದು ಲಯವಿದೆ. ಪ್ರತಿ ಕಾಲಕ್ಕೂ ಅದರದೇ ಭಾವ, ಅದರದೇ ಪಾಠಗಳು, ಅದರದೇ ಹಾಡುಗಳು. ಕ್ಯಾಥೊಲಿಕ್ ಚರ್ಚಿನ ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಒಂದು ವರ್ಷ ಮತ್ತಾಯ, ಮುಂದಿನದು ಮಾರ್ಕ, ಆಮೇಲಿನದು ಲೂಕ. ಈ ವರ್ಷ ಯಾವ ಸುವಾರ್ತೆ ನಡೆಯುತ್ತಿದೆಯೋ ಅದೊಂದನ್ನೇ ಆಳವಾಗಿ ಓದುತ್ತಾ ಹೋದರೆ ವಿಷಯಕ್ಕೆ ಬರ ಬರುವುದಿಲ್ಲ.

ಇದರ ಜೊತೆಗೆ ನಮ್ಮ ನೆಲದ ಹಬ್ಬಗಳು. ಕರಾವಳಿಯ ಕ್ಯಾಥೊಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬ, ತೆನೆ ಹಬ್ಬವೂ ಹೌದು) ಒಂಬತ್ತು ದಿನ ಮೊದಲೇ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನಿಗೆ ಹಾಕುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿಯ ಊಟ ನಡೆಯುತ್ತದೆ, ಎಲೆಯ ತುಂಬ ತರಕಾರಿಯ ಅಡುಗೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಬೆಳೆ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿಗಳ ಹರಾಜು ನಡೆಯುತ್ತದೆ. ನವೆಂಬರ್ 2ರ ಸಂಜೆ ಸಮಾಧಿಗಳ ಮೇಲೆ ಹೂವು, ಮೇಣದಬತ್ತಿ. ಇವನ್ನು ನೋಡಿ ಬೆಳೆದವರು ಬರೆಯದಿದ್ದರೆ ಕನ್ನಡದ ಓದುಗರಿಗೆ ಇವು ಗೊತ್ತಾಗುವುದಾದರೂ ಹೇಗೆ?

ಇಲ್ಲೊಂದು ಉಪಾಯವಿದೆ. ಹಬ್ಬದ ಲೇಖನವನ್ನು ಹಬ್ಬದ ಹಿಂದಿನ ವಾರ ಬರೆಯಲು ಕೂತರೆ ಎಲ್ಲರೂ ಹೇಳಿದ್ದನ್ನೇ ಹೇಳುತ್ತೇವೆ. ಈ ವರ್ಷದ ಹಬ್ಬದ ದಿನವೇ ರಾತ್ರಿ, ಕಂಡದ್ದು ಕೇಳಿದ್ದನ್ನು ಒಂದು ಪುಟ ಗುರುತು ಹಾಕಿಕೊಳ್ಳಿ. ಗೋದಲಿ ಕಟ್ಟುವಾಗ ಹುಡುಗರು ಹುಲ್ಲು ಎಲ್ಲಿಂದ ತಂದರು, ಶುಭ ಶುಕ್ರವಾರದ ಶಿಲುಬೆಯ ಹಾದಿಯಲ್ಲಿ ಯಾವ ಅಜ್ಜಿ ಬಿಸಿಲಿಗೆ ಸೆರಗು ಹೊದ್ದು ನಿಂತಿದ್ದರು, ಮಧ್ಯರಾತ್ರಿಯ ಆರಾಧನೆ ಮುಗಿದು ಹೊರಗೆ ಬಂದಾಗ ಯಾರು ಯಾರನ್ನು ಅಪ್ಪಿಕೊಂಡರು. ಈ ಗುರುತುಗಳಿಂದ ಮುಂದಿನ ವರ್ಷದ ಲೇಖನ ಬರೆಯಿರಿ. ಪತ್ರಿಕೆಗಳಿಗೂ ಇದೇ ಅನುಕೂಲ. ಡಿಸೆಂಬರ್ ಸಂಚಿಕೆಯ ಬರಹಗಳನ್ನು ಅವರು ನವೆಂಬರ್ ಮೊದಲ ವಾರದೊಳಗೆ ಆರಿಸಿ ಮುಗಿಸಿರುತ್ತಾರೆ, ನಿಮ್ಮದು ಅಕ್ಟೋಬರಿನಲ್ಲೇ ಅವರ ಕೈಗೆ ಸಿಕ್ಕಿರಬೇಕು.

ಹೆಜ್ಜೆ 4: ಕೇಳಿ, ವಿಚಾರಿಸಿ, ಆಮೇಲೆ ಬರೆಯಿರಿ

ಲೂಕನು ತನ್ನ ಸುವಾರ್ತೆಯ ಮೊದಲ ನಾಲ್ಕು ವಚನಗಳಲ್ಲಿ ಥೆಯೊಫಿಲನಿಗೆ ತನ್ನ ಕ್ರಮವನ್ನು ಹೇಳುತ್ತಾನೆ. ಕಣ್ಣಾರೆ ಕಂಡವರು ಹೇಳಿದ್ದಿದೆ, ಬೇರೆಯವರೂ ಬರೆದಿದ್ದಾರೆ, ನಾನು ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ. ಧ್ಯಾನ ಲೇಖನ ಬರೆಯುವವರಿಗೂ ಚರ್ಚಿನ ಚರಿತ್ರೆ ಬರೆಯುವವರಿಗೂ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ನಿಮ್ಮ ಸಭೆಯ ಅತಿ ಹಿರಿಯರಿಂದ ಶುರುಮಾಡಿ. “ನಿಮ್ಮ ನಂಬಿಕೆಯ ಅನುಭವ ಹೇಳಿ” ಎಂದು ಕೇಳಬೇಡಿ, ಸಾಕ್ಷಿ ಹೇಳುವ ರಾಗದಲ್ಲಿ ಎಲ್ಲರಿಗೂ ಗೊತ್ತಿರುವುದನ್ನೇ ಹೇಳುತ್ತಾರೆ. “ಅಜ್ಜಿ, ನಿಮ್ಮ ಮದುವೆಯ ದಿನ ಚರ್ಚಿಗೆ ಹೇಗೆ ಹೋದಿರಿ? ನಡೆದೋ, ಗಾಡಿಯಲ್ಲೋ?” ಎಂದು ಕೇಳಿ. ಅಲ್ಲಿಂದ ಮಾತು ತಾನಾಗಿ ಹರಿಯುತ್ತದೆ: ಹಳೆಯ ಪಾದ್ರಿಗಳ ಕೋಪ, ಬರಗಾಲದಲ್ಲಿ ಹಂಚಿದ ಹಾಲಿನ ಪುಡಿ, ನಡುಮನೆಯಲ್ಲಿ ನಡೆಯುತ್ತಿದ್ದ ಪ್ರಾರ್ಥನೆ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಅವರು ಆಡಿದ ಮಾತಿನ ರೂಪವನ್ನು ಹಾಗೇ ಉಳಿಸಿ, ತಿದ್ದಿ ಪುಸ್ತಕದ ಕನ್ನಡಕ್ಕೆ ತರಬೇಡಿ.

ಅವರ ನೆನಪನ್ನು ಕಾಗದಕ್ಕೆ ಹೋಲಿಸಿ ನೋಡಿ. ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳು, ಸಮಾಧಿಯ ಕಲ್ಲಿನ ಮೇಲಿನ ಬರಹ, ಗಂಟೆಯ ಮೇಲೆ ಕೊರೆದ ಇಸವಿ, ಹಳೆಯ ಸಭಾ ನಡವಳಿ. ಬಾಸೆಲ್ ಮಿಷನ್ ಕಾಲದ ವಿಷಯವಿದ್ದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋಗಿ. ರಿಜಿಸ್ಟರ್ ನೋಡಲು ಪಾದ್ರಿಯವರ ಅನುಮತಿ ಬೇಕು, ಬದುಕಿರುವವರ ವಿವರಗಳನ್ನು ಅಚ್ಚಿಗೆ ಕೊಡಬಾರದು.

ಆದರೆ ಪ್ರಾರ್ಥನಾ ಕೂಟದಲ್ಲಿ ಕೇಳಿದ್ದು ನಿಮ್ಮ ಸಾಮಗ್ರಿಯಲ್ಲ. ಮಗನ ಕುಡಿತ, ಮಗಳ ಮುರಿದ ಮದುವೆ, ಕಾಯಿಲೆ, ಸಾಲ, ಇವನ್ನು ಒಬ್ಬ ತಾಯಿ ಹೇಳಿಕೊಂಡದ್ದು ದೇವರ ಮುಂದೆ, ನಮ್ಮನ್ನು ನಂಬಿ. ಹೆಸರು ಬದಲಾಯಿಸಿ ಬರೆದರೂ ಊರಿನಲ್ಲಿ ಗುರುತು ಸಿಕ್ಕೇ ಸಿಗುತ್ತದೆ. ಚಿಕ್ಕ ಸಭೆಯಲ್ಲಂತೂ ಎರಡು ಸಾಲು ಓದಿದರೆ ಸಾಕು. ಬರೆಯಲೇಬೇಕು ಅನಿಸಿದರೆ ಅವರ ಮನೆಗೆ ಹೋಗಿ, ಬರೆದದ್ದನ್ನು ಪೂರ್ತಿ ಓದಿ ಹೇಳಿ, ಬೇಡವೆಂದರೆ ಅಲ್ಲಿಗೇ ಬಿಟ್ಟುಬಿಡಿ. ಎಷ್ಟೇ ಒಳ್ಳೆಯ ಲೇಖನವಾದರೂ ಆ ತಾಯಿ ಮುಂದಿನ ವಾರ ಕೂಟಕ್ಕೆ ಬರಲು ಹಿಂಜರಿಯುವಂತಾದರೆ ಅದರಿಂದ ಆದದ್ದು ಕೇಡೇ.

ಹೆಜ್ಜೆ 5: ಮೊದಲು ಕಂಡದ್ದು, ಆಮೇಲೆ ವಚನ

ನಮ್ಮ ಬರಹಗಳ ದೊಡ್ಡ ತೊಂದರೆ ಪ್ರಸಂಗಪೀಠದ ಮಾತು. ಕೇಳಿಕೇಳಿ ಅದು ಕೈಗೆ ಅಂಟಿಬಿಟ್ಟಿರುತ್ತದೆ. “ದೇವರ ಅಪಾರ ಕೃಪೆಯಿಂದ ಆ ಕುಟುಂಬವು ಸಂಕಷ್ಟದಿಂದ ಬಿಡುಗಡೆ ಹೊಂದಿ ಆಶೀರ್ವಾದವನ್ನು ಅನುಭವಿಸಿತು” ಎಂಬ ಸಾಲು ಸುಳ್ಳಲ್ಲ, ಆದರೆ ಓದುಗರಿಗೆ ಏನೂ ಕಾಣುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: “ಸಾಲದ ಕೊನೆಯ ಕಂತು ಕಟ್ಟಿದ ದಿನ ಆಕೆ ಬ್ಯಾಂಕಿನಿಂದ ಮನೆಗೆ ಹೋಗಲಿಲ್ಲ. ನೇರ ಚರ್ಚಿಗೆ ಬಂದರು. ಒಳಗೆ ಯಾರೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ರಸೀದಿಯನ್ನು ಮಡಿಚಿ ಬೈಬಲ್ಲಿನೊಳಗೆ ಇಟ್ಟರು.” ಕೃಪೆ ಎಂಬ ಪದ ಇಲ್ಲಿ ಒಮ್ಮೆಯೂ ಬಂದಿಲ್ಲ. ಓದುಗರೇ ಅದನ್ನು ಹೇಳಿಕೊಳ್ಳುತ್ತಾರೆ.

ರೂಢಿಗೆ ತರಬೇಕಾದ ಅಭ್ಯಾಸ ಇದು. ಕರಡು ಬರೆಯುವಾಗ ಮೊದಲ ಹತ್ತು ಸಾಲಿನಲ್ಲಿ ವಚನ ಉದ್ಧರಿಸಬೇಡಿ. ಒಬ್ಬ ಮನುಷ್ಯ, ಒಂದು ಜಾಗ, ಒಂದು ಕೆಲಸ ಕಣ್ಣಿಗೆ ಕಟ್ಟಲಿ. ಸಣ್ಣ ಲೇಖನಕ್ಕೆ ಒಂದೇ ವಚನ ಸಾಕು, ಅದನ್ನೂ ಪೂರ್ತಿ ಬರೆಯಬೇಕಿಲ್ಲ. ಯಾವ ಭಾಷಾಂತರದಿಂದ ತೆಗೆದುಕೊಂಡಿರಿ ಎಂದು ಹೇಳಿ. ಹಳೆಯ ಸತ್ಯವೇದದ ಗಾಂಭೀರ್ಯ ಒಂದು ಬಗೆ, ಈಚಿನ ಸರಳ ಭಾಷಾಂತರಗಳ ಸಲೀಸು ಇನ್ನೊಂದು ಬಗೆ, ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸಿದರೆ ಕಿವಿಗೆ ಒಡಕು ಕೇಳಿಸುತ್ತದೆ. ಈಚಿನ ಭಾಷಾಂತರಗಳಿಗೆ ಹಕ್ಕುಸ್ವಾಮ್ಯವಿರುತ್ತದೆ. ಅಧ್ಯಾಯಗಟ್ಟಲೆ ಪುಸ್ತಕದಲ್ಲಿ ಸೇರಿಸುವುದಾದರೆ ಪ್ರಕಾಶಕರ ಅನುಮತಿ ಕೇಳಬೇಕು.

ಬರೆಯುವಾಗ ಕಣ್ಣಮುಂದೆ ಒಬ್ಬ ಓದುಗರನ್ನು ಇಟ್ಟುಕೊಳ್ಳಿ. ಆ ಓದುಗರು ಚರ್ಚಿಗೆ ಬಾರದ ನಿಮ್ಮ ನೆರೆಮನೆಯವರಾದರೆ ಇನ್ನೂ ಒಳ್ಳೆಯದು. ಅವರಿಗೆ ಅರ್ಥವಾಗುವಂತೆ ಬರೆದದ್ದು ಸಭೆಯವರಿಗೂ ಅರ್ಥವಾಗುತ್ತದೆ, ಎಷ್ಟೋ ಸಲ ಹೆಚ್ಚು ಚೆನ್ನಾಗಿ.

ಹೆಜ್ಜೆ 6: ತಿದ್ದುವುದಕ್ಕೆ ಬೇರೆ ದಿನ

ಬಾರೂಕನ ಸುರುಳಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯೆಹೋಯಾಕೀಮ ರಾಜನು ಚಳಿಗಾಲದ ಅರಮನೆಯಲ್ಲಿ ಬೆಂಕಿಯ ಮುಂದೆ ಕೂತು, ಮೂರು ನಾಲ್ಕು ಅಂಕಣ ಓದಿದಂತೆಲ್ಲ ಕತ್ತರಿಸಿ ಬೆಂಕಿಗೆ ಹಾಕಿದನು. ಪ್ರವಾದಿ ಮತ್ತೊಂದು ಸುರುಳಿ ತೆಗೆದುಕೊಂಡನು, ಬಾರೂಕನು ಎಲ್ಲವನ್ನೂ ಮತ್ತೆ ಬರೆದನು, ಅಂಥವೇ ಅನೇಕ ಮಾತುಗಳು ಹೊಸದಾಗಿ ಸೇರಿದವು. ಎರಡನೆಯ ಸಲ ಬರೆದದ್ದು ಮೊದಲಿನದಕ್ಕಿಂತ ತುಂಬಿಕೊಂಡಿತು.

ಕರಡನ್ನು ಒಂದು ವಾರ ಮುಚ್ಚಿಡಿ. ಆಮೇಲೆ ಗಟ್ಟಿಯಾಗಿ ಓದಿ, ಉಸಿರು ಕಟ್ಟಿದಲ್ಲಿ ವಾಕ್ಯ ಮುರಿಯಿರಿ. ಒಬ್ಬ ಹಿರಿಯರಿಗೂ ಒಬ್ಬ ಕಾಲೇಜು ಹುಡುಗಿಗೋ ಹುಡುಗನಿಗೋ ಓದಿ ಹೇಳಿ. ಎಲ್ಲಿ ಅವರ ಗಮನ ಜಾರಿತೆಂದು ಮುಖ ನೋಡಿದರೆ ಗೊತ್ತಾಗುತ್ತದೆ. ಬೋಧನೆಗೆ ಸಂಬಂಧಿಸಿದ ಮಾತಿದ್ದರೆ ಪಾದ್ರಿಯವರಿಗೆ ತೋರಿಸಿ, ಸರಿಯೋ ತಪ್ಪೋ ಕೇಳಿ. ಶೈಲಿಯನ್ನು ಮಾತ್ರ ಅವರ ಕೈಗೆ ಕೊಡಬೇಡಿ, ಅದು ನಿಮ್ಮದು.

ಹೆಜ್ಜೆ 7: ಮಾತು ಬತ್ತಿದ ದಿನಗಳಿಗೆ

ಮನೆಯಲ್ಲಿ ಸಾವು, ಸಭೆಯಲ್ಲಿ ಜಗಳ, ಪ್ರಾರ್ಥನೆಗೆ ಉತ್ತರ ಕಾಣದ ತಿಂಗಳುಗಳು. ಇಂಥ ಹೊತ್ತಿನಲ್ಲಿ ಬರೆಯುವುದು ಕಪಟವೆನಿಸಬಹುದು. ಆಗ ಸ್ವಂತದ್ದೇನೂ ಬರೆಯಬೇಡಿ, ಕೀರ್ತನೆಗಳನ್ನು ಹಿಡಿಯಿರಿ. 150 ಇವೆ. ದಿನಕ್ಕೊಂದನ್ನು ನಿಮ್ಮ ಮನೆಮಾತಿನಲ್ಲಿ ಬರೆಯಿರಿ. ಕನ್ನಡವಾಗಲಿ, ಕೊಂಕಣಿಯಾಗಲಿ, ತುಳುವಾಗಲಿ. ಐದು ತಿಂಗಳು ಕೈ ಬರೆಯುತ್ತಲೇ ಇರುತ್ತದೆ. 119ನೆಯದು ಬಂದಾಗ ಅದರ ಕಟ್ಟಡ ಗಮನಿಸಿ. 22 ಹೀಬ್ರೂ ಅಕ್ಷರಗಳಿಗೆ ಎಂಟೆಂಟು ವಚನ, ಎಂಟೂ ಅದೇ ಅಕ್ಷರದಿಂದ ಶುರು. ಇಷ್ಟು ಬಿಗಿಯಾದ ಕಟ್ಟಿನೊಳಗೂ ಪ್ರಾರ್ಥನೆ ಉಸಿರಾಡುತ್ತದೆಂದು ಅದನ್ನು ಎಣಿಸಿ ಓದಿದಾಗಲೇ ತಿಳಿಯುವುದು.

88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಸಮಾಧಾನದ ಸಾಲು ಇಲ್ಲ, ಸ್ತುತಿಯೂ ಇಲ್ಲ. ಆದರೂ ಅದು ವೇದದೊಳಗಿದೆ. ಪ್ರತಿ ಬರಹವೂ ಹಲ್ಲೆಲೂಯಾದಲ್ಲೇ ಮುಗಿಯಬೇಕೆಂಬ ಒತ್ತಡದಲ್ಲಿರುವ ನನ್ನ ಸಹ ಬರಹಗಾರರಿಗೆ ಇದನ್ನು ಪ್ರೀತಿಯಿಂದ ನೆನಪಿಸುತ್ತೇನೆ. ದುಃಖ ಇನ್ನೂ ತೀರದಿದ್ದರೆ ತೀರಿತೆಂದು ಬರೆಯಬೇಡಿ.

ಹೆಜ್ಜೆ 8: ಜೊತೆಗಾರರು, ಪತ್ರಿಕೆ, ಪುಸ್ತಕ

ಒಬ್ಬರೇ ಬರೆಯುವವರ ರೂಢಿ ಬೇಗ ಸಡಿಲವಾಗುತ್ತದೆ. ನಾಲ್ಕೈದು ಜನ ತಿಂಗಳಿಗೊಮ್ಮೆ ಸೇರಿ. ಭಾನುವಾರ ಆರಾಧನೆಯ ನಂತರ ಚರ್ಚಿನ ಒಂದು ಕೋಣೆ ಸಾಕು. ಬೇರೆಬೇರೆ ಸಭೆಗಳವರು ಸೇರಿದರೆ ಕಣ್ಣು ಅಗಲವಾಗುತ್ತದೆ. ಪ್ರತಿಯೊಬ್ಬರೂ ಒಂದು ಪುಟ ಓದಬೇಕು, ಕೇಳಿದವರು “ಆಶೀರ್ವಾದವಾಯಿತು” ಎಂದು ಬಿಟ್ಟುಬಿಡದೆ ಯಾವ ಸಾಲು ಹಿಡಿಸಿತು, ಎಲ್ಲಿ ಗೊಂದಲವಾಯಿತು ಎಂದು ಹೇಳಬೇಕು. ಬರೆಯದೆ ಬಂದವರನ್ನೂ ಕೂರಿಸಿಕೊಳ್ಳಿ.

ಪತ್ರಿಕೆಗೆ ಕಳಿಸುವಾಗ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಕೊಂಕಣಿಯಲ್ಲಿ ಬರೆಯುವ ಕರಾವಳಿಯವರಿಗೆ ಕನ್ನಡ ಲಿಪಿಯಲ್ಲೇ 1938ರಿಂದ ಬರುತ್ತಿರುವ ರಾಕ್ಣೊ ವಾರಪತ್ರಿಕೆಯಿದೆ. ಧರ್ಮಪ್ರಾಂತ್ಯಗಳ, ಸಭೆಗಳ ಮಾಸಿಕಗಳಿಗೆ ಬರೆಯಿರಿ, ಹಾಗೆಯೇ ಎಲ್ಲರೂ ಓದುವ ದಿನಪತ್ರಿಕೆಗಳ ಪುರವಣಿಗೂ ಕಳಿಸಿ. ಉತ್ತರ ಬಾರದಿದ್ದರೆ ಎರಡು ತಿಂಗಳು ಕಾದು ವಿಚಾರಿಸಿ, ಆಮೇಲೆ ಬೇರೆ ಕಡೆ ಕೊಡಿ. ವಾಟ್ಸಾಪ್ ಗುಂಪಿಗೆ ಹಾಕಿದ ಬರಹ ಮೂರನೆಯ ಕೈಗೆ ಹೋಗುವಷ್ಟರಲ್ಲಿ ನಿಮ್ಮ ಹೆಸರು ಕಳಚಿರುತ್ತದೆ. ಆದ್ದರಿಂದ ಮೊದಲು ಪತ್ರಿಕೆ, ಆಮೇಲೆ ವಾಟ್ಸಾಪ್.

ಬರಹಗಳನ್ನು ಇಸವಿ, ತಿಂಗಳು ಹಾಕಿ ಒಂದೆಡೆ ಇಡಿ, ಇನ್ನೊಂದು ಪ್ರತಿ ಇಮೇಲಿನಲ್ಲಿರಲಿ. ಮೂವತ್ತು ನಲವತ್ತು ಸೇರಿದಾಗ ಪುಸ್ತಕದ ಯೋಚನೆ ಮಾಡಬಹುದು. ನಮ್ಮ ದೇಶದಲ್ಲಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ಯಾರಿಗೂ ಹಣ ಕೊಡಬೇಕಿಲ್ಲ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಸಹಾಯಧನದ ಯೋಜನೆಯಿದೆ, ಅರ್ಜಿ ಕರೆಯುವ ಪ್ರಕಟಣೆ ನೋಡುತ್ತಿರಿ. ಕೃತಿಸ್ವಾಮ್ಯ ಬರೆದವರ ಜೀವಮಾನಕ್ಕೂ ಆಮೇಲೆ 60 ವರ್ಷಕ್ಕೂ ಇರುತ್ತದೆ. ಚರ್ಚಿಗಾಗಿ ಬರೆದುಕೊಟ್ಟ ಹಾಡು, ನಾಟಕಗಳ ಮೇಲೂ ಈ ಹಕ್ಕು ಬರೆದವರದೇ, ಬರವಣಿಗೆಯಲ್ಲಿ ಬಿಟ್ಟುಕೊಟ್ಟಿರದಿದ್ದರೆ. ಹಾಡನ್ನು ಸಭೆಗಳು ಧಾರಾಳವಾಗಿ ಹಾಡಲಿ ಎಂಬುದು ನಿಮ್ಮ ಆಸೆಯಾದರೆ, ಪುಟದ ಕೆಳಗೆ ಅದನ್ನೂ ಒಂದು ಸಾಲಿನಲ್ಲಿ ಬರೆದು, ಹೆಸರು ಮತ್ತು ಇಸವಿ ಹಾಕಿಬಿಡಿ.